ಮಾವಿನ ತೋಪಿನ ಮೋಟಾರು

ಕೋಲಾರದ ಕಡೆಗೆ ಹಳೆಯ ಮೋಟಾರು ಅರಸಿ ಹೊರಟವರು ಪೇಟೆಯ ದಲ್ಲಾಳಿಗಳ ಬಳಿ ಹೆಚ್ಚು ಹೊತ್ತು ಕಳೆಯಬೇಕಾದುದಿಲ್ಲ. ಅಲ್ಲಿ ದೊರೆಯುವುದು ಹೊಸ ಬಣ್ಣ ಬಳಿದ ಅಂಬಾಸಿಡರು, ಬಣ್ಣಕ್ಕೆ ತಕ್ಕ ಬೆಲೆ. ಅಗ್ಗವೂ ಆಗಬೇಕು, ಕೊಂಚ ವಿಚಿತ್ರವೂ ಆಗಿರಬೇಕು ಎನ್ನುವವರು ಮಾಲೂರಿನ ಹೆಂಚಿನ ಕಾರ್ಖಾನೆಗಳ ಹಿತ್ತಿಲು, ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಹೆದ್ದಾರಿಯ ಬದಿಯ ಶೆಡ್ಡುಗಳನ್ನು ಇಣುಕಿ ನೋಡುವುದು ಲೇಸು. ಒಣಹವೆಯ ಸೀಮೆಯಾದ್ದರಿಂದ ಕರಾವಳಿಯಷ್ಟು ಬೇಗ ಇಲ್ಲಿ ತಗಡು ತುಕ್ಕಿಗೆ ತುತ್ತಾಗುವುದಿಲ್ಲ. ಬೆಂಗಳೂರಿಗೂ ಮದರಾಸಿಗೂ ನಡುವಣ ದಾರಿ ಇದು. ಆ ಎರಡು ಊರುಗಳಲ್ಲಿ ಹುಟ್ಟಿದ ಎರಡು ಗಾಡಿಗಳ ಮೇಲೆ ಕಣ್ಣಿಡಬಹುದು.

ಮದರಾಸಿನದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಈ ಭಾರತೀಯ ರೂಪ 1961ರಿಂದ ಸುಮಾರು ಹತ್ತು ವರ್ಷ ತಯಾರಾಯಿತು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಮೈಕಟ್ಟು. ಬಾನೆಟ್ ಎತ್ತಿದರೆ ಮುಂದಿನ ಮಡ್‌ಗಾರ್ಡುಗಳೂ ಜೊತೆಗೇ ಏಳುತ್ತವೆ. ರಿಪೇರಿ ಮಾಡುವವನು ಮುಂದಿನ ಚಕ್ರದ ಮೇಲೆಯೇ ಕುಳಿತು ಎಂಜಿನ್ನಿಗೆ ಕೈ ಹಾಕಬಹುದು. ಇಪ್ಪತ್ತೈದು ಅಡಿಗಳ ವೃತ್ತದಲ್ಲಿ ತಿರುಗುವ ಈ ಗಾಡಿಗೆ ಮುಳಬಾಗಿಲಿನ ಇಕ್ಕಟ್ಟಾದ ಓಣಿಯೂ ದೊಡ್ಡದೇ. ಅಂಬಾಸಿಡರಿನಂತೆ ಬಿಡಿಭಾಗಗಳು ಎಲ್ಲೆಂದರಲ್ಲಿ ಸಿಕ್ಕುವುದಿಲ್ಲ. ಬೆಲೆ ಇಳಿದಿರುವುದು ಅದಕ್ಕಾಗಿಯೇ.

ಬೆಂಗಳೂರಿನದು ಸಿಪಾನಿ ಡಾಲ್ಫಿನ್. 1980ರ ದಶಕದ್ದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯನ್ನು ಆಧರಿಸಿದ್ದು. ಎರಡೇ ಬಾಗಿಲು, 848 ಸಿ.ಸಿ. ಎಂಜಿನ್, ಫೈಬರ್‌ಗ್ಲಾಸ್ ಮೈ. (ಇದಕ್ಕೂ ಮೊದಲು ಅದೇ ಕಂಪೆನಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನೂ ಮಾಡಿತ್ತು. ಅದು ಕಣ್ಣಿಗೆ ಬಿದ್ದರೆ ಚೌಕಾಸಿ ಮರೆತುಹೋಗುವ ಅಪಾಯವುಂಟು.) ಮೈಯಲ್ಲಿ ತುಕ್ಕಿಲ್ಲವೆಂದು ಹಿಗ್ಗಿದವರು ಬಗ್ಗಿ ನೋಡಬೇಕು: ಅಡಿಯ ಚಾಸಿಸ್ ಉಕ್ಕಿನದೇ.

ಆದರೆ ಸಂಸಾರಸ್ಥರ ದುಡ್ಡು ಮುಳುಗುವುದು ತುಕ್ಕಿನಲ್ಲಲ್ಲ, ಕಾಗದದಲ್ಲಿ. ತೋಪಿನ ಮನೆಯಾಕೆಯನ್ನು “ಅಮ್ಮಾ, ಕಾರು ಕೊಡುವ ಯೋಚನೆಯುಂಟೆ?” ಎಂದು ಕೇಳಿದರೆ, “ನಮ್ಮ ಯಜಮಾನರ ಕಾಲದ್ದಪ್ಪ. ತೊಗೊಂಡು ಹೋಗಿ, ಅಂಗಳ ತೆರವಾಗಲಿ” ಎಂಬ ಉತ್ತರ ಬಂದೀತು. ಕಾರು ಇನ್ನೂ ಆ ಯಜಮಾನರ ಹೆಸರಿನಲ್ಲೇ ಇರುತ್ತದೆ. ವಾರಸುದಾರರು ಮೊದಲು ನಮೂನೆ 31ರಲ್ಲಿ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ಆ ಬಳಿಕ ಮಾರಾಟಕ್ಕೆ 29 ಮತ್ತು 30. ಚಾಸಿಸ್ಸಿನ ಮೇಲಿನ ಸಂಖ್ಯೆ ನೋಂದಣಿ ಪುಸ್ತಕದೊಡನೆ ತಾಳೆಯಾಗುವ ತನಕ ಮುಂಗಡವನ್ನೂ ಕೊಡಬಾರದು.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನೋಂದಣಿಯನ್ನೇ ತಂದಿತು. ಆಗ ಗೊತ್ತುಮಾಡಿದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹೆರಾಲ್ಡಿಗೆ ವಯಸ್ಸೇನೋ ಆಗಿದೆ. ಆದರೆ ಈ ನೋಂದಣಿಯ ಗಾಡಿ ಪ್ರದರ್ಶನ, ರ್‍ಯಾಲಿಗಳಿಗೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಬೇಕೆನ್ನುವವರು ತಪಾಸಣೆಗೆ ಗಾಡಿ ಒಪ್ಪಿಸಿ, ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. ಬೆಲೆಯಷ್ಟೇ ಹಣವನ್ನು ಟೈರು, ಬ್ರೇಕು, ವೈರಿಂಗಿಗೆಂದು ಬೇರೆ ಎತ್ತಿಟ್ಟುಕೊಂಡು ಹೋಗುವುದು ಒಳ್ಳೆಯದು.

ಎಲ್ಲವೂ ಕುದುರಿದ ಮೇಲೂ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕುಳಿತಿದ್ದರೆ, ಇಪ್ಪತ್ತೊಂದು ದಿನ ಕಾಯದೆ ವಿಧಿಯಿಲ್ಲ. ಮರಿಯಾಗುವ ತನಕ ಮನೆಯಾಕೆ ಗಾಡಿಯನ್ನು ಅಲುಗಿಸಗೊಡುವುದಿಲ್ಲ.