ಲೋಕವಾರ್ತೆ: ಸೂಯೆಜ್ ಕಾಲುವೆಯೂ ಪೌಂಡಿನ ಪಾಡೂ
ದೊಡ್ಡ ರಾಷ್ಟ್ರಗಳ ಸ್ನೇಹವು ಎಷ್ಟು ದೂರ ಬಾಳುತ್ತದೆ ಎಂಬುದನ್ನು ತಿಳಿಯಬಯಸುವ ವಾಚಕರು 1956ರ ಸೂಯೆಜ್ ಪ್ರಕರಣವನ್ನು ನೆನೆದರೆ ಸಾಕೆಂದು ನಮಗೆ ತೋರುತ್ತದೆ. ಮುಂಬಯಿಯಿಂದ ಲಂಡನ್ನಿಗೆ ಹೊರಟ ಹಡಗಿಗೆ ನಾಲ್ಕು ಸಾವಿರ ಮೈಲಿಗೂ ಮಿಗಿಲಾದ ಸುತ್ತನ್ನು ತಪ್ಪಿಸುವ ಕಾಲುವೆಯದು. ಆದುದರಿಂದ ನಮಗೆ ಇದು ತೀರ ಹೊರಗಿನವರ ಕಥೆಯೂ ಅಲ್ಲ.

ಈಜಿಪ್ಟಿನ ನಾಸೆರರು ಆಸ್ವಾನಿನಲ್ಲಿ ನೈಲ್ ನದಿಗೆ ಅಣೆಕಟ್ಟು ಕಟ್ಟಲು ಹಣ ಹುಡುಕುತ್ತಿದ್ದರು. ಕೊಡುವೆನೆಂದಿದ್ದ ಅಮೆರಿಕೆಯು, ಅವರು ಕಮ್ಯೂನಿಸ್ಟ್ ಪಾಳೆಯದಿಂದ ಶಸ್ತ್ರ ಕೊಂಡರೆಂದೂ ಕೆಂಪು ಚೀನಕ್ಕೆ ಮಾನ್ಯತೆ ಕೊಟ್ಟರೆಂದೂ ಮುನಿದು, ಜುಲೈ 19ರಂದು ಕೈ ಹಿಂದೆಗೆಯಿತು. ಈಜಿಪ್ಟಿನ ಹತ್ತಿ ತಮಗೆ ಪೈಪೋಟಿಯಾದೀತೆಂದು ಅಲ್ಲಿಯ ದಕ್ಷಿಣ ರಾಜ್ಯಗಳ ಪ್ರತಿನಿಧಿಗಳೂ ಗೊಣಗುತ್ತಿದ್ದರು. ಒಂದೇ ವಾರದಲ್ಲಿ ನಾಸೆರರು ಕಾಲುವೆಯ ಕಂಪೆನಿಯನ್ನು ರಾಷ್ಟ್ರೀಕರಿಸಿದರು. ಅದರ ಷೇರುಗಳಲ್ಲಿ ಶೇಕಡ 44 ಬ್ರಿಟಿಷ್ ಸರ್ಕಾರದ್ದು!

ಬ್ರಿಟನ್ನೂ ಫ್ರಾನ್ಸೂ ಇಸ್ರೇಲಿನೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಅಮೆರಿಕೆಗೆ ತಿಳಿಸದೆ, ಯುದ್ಧಕ್ಕಿಳಿದವು. ಈಜಿಪ್ಟು ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನೇ ಮುಚ್ಚಿತು. ಅರಬ್ ದೇಶಗಳ ಎಣ್ಣೆ ಬರುವ ಹಾದಿ ಕಟ್ಟಿತು; ಬೇರೆಡೆಯಿಂದ ತರಿಸಲು ಡಾಲರು ಬೇಕು. ಇತ್ತ ಪೇಟೆಯಲ್ಲಿ ಎಲ್ಲರೂ ಪೌಂಡನ್ನು ಮಾರುವವರೇ. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲವೆತ್ತೋಣವೆಂದರೆ, ಕಾಳಗ ನಿಲ್ಲಿಸದ ಹೊರತು ಅಮೆರಿಕೆಯ ಬೆಂಬಲವಿಲ್ಲ. ಎರಡು ಮಹಾಯುದ್ಧಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟಿದ್ದ ಮಿತ್ರನೇ ಹೀಗೆ ಕತ್ತು ಹಿಸುಕಿದ! ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಐಸೆನ್‌ಹೋವರರಿಗೆ ಕಾರಣಗಳಿದ್ದವು. ಅದೇ ವಾರ ರಷ್ಯದ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದ್ದವು. ಅದನ್ನು ಖಂಡಿಸುವವರು ಇದನ್ನು ಹೇಗೆ ಸಹಿಸಿಯಾರು? ಎಣ್ಣೆಯುಳ್ಳ ಅರಬರು ರಷ್ಯದ ಮಡಿಲಿಗೆ ಬಿದ್ದಾರೆಂಬ ಅಂಜಿಕೆಯೂ ಇತ್ತು. ನ್ಯಾಯವೆಷ್ಟು, ಎಣ್ಣೆಯೆಷ್ಟು ಎಂದು ತೂಗಬಲ್ಲ ತಕ್ಕಡಿ ನಮ್ಮ ಬಳಿಯಿಲ್ಲ. ಭಾರತವೂ ದಾಳಿಯನ್ನು ಖಂಡಿಸಿತು. ಆದರೆ ನಮ್ಮ ವಿದೇಶಿ ವಿನಿಮಯದ ಗಂಟು ಆಗ ಬಹುಮಟ್ಟಿಗೆ ಪೌಂಡಿನ ರೂಪದಲ್ಲಿ ಲಂಡನ್ನಿನಲ್ಲಿಯೇ ಇತ್ತು. ಪೌಂಡು ನೆಲ ಕಚ್ಚಿದ್ದರೆ ಆ ನಷ್ಟದಲ್ಲಿ ನಮಗೂ ಪಾಲಿತ್ತು.

ನವೆಂಬರ್ 6ರಂದು ಬ್ರಿಟನ್ ಕದನ ನಿಲ್ಲಿಸಿತು. ಸೈನ್ಯವನ್ನು ಹಿಂದಕ್ಕೆ ಕರೆಸುವೆನೆಂದ ಮೇಲೆ, ಡಿಸೆಂಬರಿನಲ್ಲಿ ನಿಧಿಯಿಂದ 130 ಕೋಟಿ ಡಾಲರಿನ ನೆರವು ಮಂಜೂರಾಯಿತು. ಪ್ರಧಾನಿ ಈಡನ್ 1957ರ ಜನವರಿಯಲ್ಲಿ ರಾಜೀನಾಮೆಯಿತ್ತರು. ಆ ವರ್ಷವೇ ಬ್ರಿಟಿಷ್ ಹಡಗುಗಳು ಈಜಿಪ್ಟಿಗೆ ಸುಂಕ ತೆತ್ತು ಅದೇ ಕಾಲುವೆಯಲ್ಲಿ ಸಾಗಿದವು. ಆಸ್ವಾನ್ ಅಣೆಕಟ್ಟಿಗೆ ಸಾಲವನ್ನೂ ಯಂತ್ರಗಳನ್ನೂ ಕೊಟ್ಟುದು ಸೋವಿಯತ್ ರಷ್ಯ.