ಇಂಜಿನ್ನಿಗೆ ಎಷ್ಟು ಗಾಳಿ ಬೇಕು?

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೆ ಹೆಸರಾದದ್ದು. ಊರಿನಲ್ಲಿ ಸಿಗದ ಜೀಪಿನ ಭಾಗ ಅಲ್ಲಿ ಸಿಕ್ಕೀತೆಂದು ಮಲೆನಾಡಿನಿಂದ ಬಸ್ಸು ಹತ್ತುವವರೂ ಇದ್ದಾರೆ. ಅಂತಹ ಪೇಟೆಯಲ್ಲಿ ಇಂದಿನ ಯುವಕರ ಕಣ್ಣು ಸೆಳೆಯುವ ವಸ್ತುವೊಂದಿದೆ: ಶಂಕುವಿನ ಆಕಾರದ, ಎಣ್ಣೆ ಸವರಿದ ಹತ್ತಿಬಟ್ಟೆಯ ಏರ್ ಫಿಲ್ಟರ್, ಜೊತೆಗೆ ಹೊಳೆಯುವ ಕೊಳವೆ. ಕಂಪನಿಯ ಕಾಗದದ ಫಿಲ್ಟರ್ ಇಂಜಿನ್ನಿನ ಉಸಿರು ಕಟ್ಟಿಸುತ್ತದೆ, ಇದನ್ನು ಜೋಡಿಸಿದರೆ ಪಿಕಪ್ಪೂ ಮೈಲೇಜೂ ಏರುತ್ತವೆ ಎಂಬುದು ಮಾರುವವರ ಮಾತು. ಈ ಮಾತಿನಲ್ಲಿ ಸತ್ಯದ ಅಂಶ ಬಹಳ ಕಡಿಮೆ.

ಒಂದು ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಇಷ್ಟು ನಿಜ. ಆದರೆ ಹೊಸ ಕಾಗದದ ಫಿಲ್ಟರ್ ತಡೆಯುವುದಾದರೂ ಎಷ್ಟು? ಇಂಜಿನ್ ಪೂರ್ಣ ವೇಗದಲ್ಲಿ ತಿರುಗುವಾಗಲೂ ಅದರಿಂದಾಗುವ ಒತ್ತಡದ ಕುಸಿತ ಸಾಮಾನ್ಯವಾಗಿ ಶೇಕಡ ಒಂದೆರಡರ ಆಸುಪಾಸಿನದು. ಎಂಬತ್ತು ಅಶ್ವಶಕ್ತಿಯ ಕಾರಿನಲ್ಲಿ ಆ ತಡೆಯನ್ನು ಸಂಪೂರ್ಣ ತೆಗೆದುಹಾಕಿದರೂ ದೊರೆಯುವುದು ಒಂದೋ ಒಂದೂವರೆಯೋ ಅಶ್ವಶಕ್ತಿ. ಅದೂ ಪೆಡಲನ್ನು ನೆಲಕ್ಕೊತ್ತಿ ಓಡಿಸಿದಾಗ ಮಾತ್ರ.

ಗಾಂಧಿ ಬಜಾರಿನಲ್ಲಾಗಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ ಹಾಗೆ ಓಡಿಸಲು ಎಡೆಯೆಲ್ಲಿದೆ? ಅಲ್ಲಿ ಕಾರುಗಳು ತೆವಳುತ್ತವೆ. ತೆವಳುವ ಕಾರಿನಲ್ಲಿ ಗಾಳಿಯನ್ನು ತಡೆಯುವುದು ಫಿಲ್ಟರ್ ಅಲ್ಲ, ಚಾಲಕನ ಕಾಲಿನ ಅಂಕೆಯಲ್ಲಿರುವ ಥ್ರಾಟಲ್ ಕವಾಟ. ಕೆರೆಯ ತೂಬನ್ನು ಮುಕ್ಕಾಲು ಮುಚ್ಚಿಟ್ಟು ಕಾಲುವೆಯನ್ನು ಅಗಲ ಮಾಡಿದರೆ ಗದ್ದೆಗೆ ಹೆಚ್ಚು ನೀರು ಹರಿಯುವುದಿಲ್ಲ. (1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡದ್ದು ಮನುಷ್ಯರಿಗೆ ಗಾಳಿ ಬೆಳಕು ಸಿಗಲೆಂದು. ಅದೇ ಬೀದಿಗಳಲ್ಲಿ ಈಗ ಇಂಜಿನ್ನಿನ ಉಸಿರಾಟದ ಚಿಂತೆ.)

ಇನ್ನು ತೆರೆದ ಶಂಕು ಫಿಲ್ಟರಿನ ದೋಷ. ಕಂಪನಿಯ ಪೆಟ್ಟಿಗೆಯ ಮೂತಿ ಬಹುಪಾಲು ಕಾರುಗಳಲ್ಲಿ ಮುಂಭಾಗದ ತಂಪು ಗಾಳಿಯನ್ನು ಹೀರುವಂತೆ ರಚಿತವಾಗಿರುತ್ತದೆ. ಆ ಪೆಟ್ಟಿಗೆಯನ್ನು ಕಿತ್ತು ಬಾನೆಟ್ಟಿನ ಅಡಿಯಲ್ಲೇ ಫಿಲ್ಟರನ್ನು ತೆರೆದಿಟ್ಟರೆ ಇಂಜಿನ್ ತನ್ನದೇ ಬಿಸಿಯನ್ನು ಉಸಿರಾಡುತ್ತದೆ. ಗಾಳಿಯ ಉಷ್ಣತೆ ಮೂರು ಡಿಗ್ರಿ ಏರಿದರೆ ಸಾಂದ್ರತೆ ಹೆಚ್ಚುಕಡಿಮೆ ಶೇಕಡ 1ರಷ್ಟು ಇಳಿಯುತ್ತದೆ. ಮೂವತ್ತು ಡಿಗ್ರಿಯ ಬದಲು ನಲವತ್ತೈದು ಡಿಗ್ರಿಯ ಗಾಳಿ ಒಳಹೊಕ್ಕರೆ ಫಿಲ್ಟರಿನಿಂದ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಆದರೂ ಕಾರು ಚುರುಕಾಯಿತೆಂದು ಮಾಲೀಕನಿಗೆ ಅನ್ನಿಸುವುದುಂಟು. ಹಳೆಯ ಪೆಟ್ಟಿಗೆ ಅಡಗಿಸುತ್ತಿದ್ದ ಹೀರುವ ಸದ್ದು ಈಗ ಹೊರಗೆ ಕೇಳುತ್ತದೆ. ಕಿವಿ ಅದನ್ನೇ ವೇಗವೆಂದು ಎಣಿಸುತ್ತದೆ. ಆ ಸದ್ದು ವಾರಾಂತ್ಯಗಳಲ್ಲಿ ಘಟ್ಟದ ತಿರುವುಗಳಿಗೂ ಬರುತ್ತದೆ.

ಮೈಲೇಜಿನ ವಿಷಯದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆ ಸ್ಪಷ್ಟವಾಗಿದೆ. ಇಂಧನವನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಆಧುನಿಕ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಮೈಲೇಜು ಕುಗ್ಗಿದ್ದು ಹಳೆಯ ಕಾರ್ಬುರೇಟರ್ ಕಾರಿನಲ್ಲಿ. ಅಂದರೆ ಅಂಗಡಿಯ ಮಾತು ಕಾರ್ಬುರೇಟರ್ ಕಾಲದ ಅರ್ಧ ನೆನಪು. ಮಲಿನವಾದ ಫಿಲ್ಟರಿಗೆ ಬದಲಾಗಿ ಹೊಸ ಕಾಗದದ ಫಿಲ್ಟರನ್ನು ಹಾಕಿದರೂ ಕಾರು ಚುರುಕಾಗುತ್ತದೆ. ಡೀಸೆಲ್ ಜೀಪುಗಳಲ್ಲಿ ಇದು ಇನ್ನೂ ಮುಖ್ಯ: ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಉಗುಳುತ್ತದೆ.

ಫಿಲ್ಟರ್ ಇರುವುದು ಗಾಳಿ ಬಿಡಲೆಂದಲ್ಲ, ಧೂಳು ತಡೆಯಲೆಂದು. ಗಾಳಿಗೆ ಸಲೀಸಾಗಿ ದಾರಿ ಬಿಡುವ ಬಟ್ಟೆ ಸೂಕ್ಷ್ಮ ಧೂಳಿಗೂ ಅಷ್ಟೇ ಉದಾರವಾಗಿರುವ ಸಂಭವವಿದೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ರಸ್ತೆಯಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಟ್ರ್ಯಾಕ್ಟರಿನ ಎಣ್ಣೆ ಬಟ್ಟಲಿನ ತಳದಲ್ಲಿ ಕೂತ ಕೆಸರನ್ನು ಕೈಯಾರೆ ಬಳಿದವರಿಗೆ, ಆ ಕೆಸರು ಸಿಲಿಂಡರಿಗೆ ಹೋಗಿದ್ದರೆ ರಿಂಗು ಸವೆದು ಇಂಜಿನ್ ಬೋರಿಗೆ ಬರುತ್ತಿತ್ತೆಂದು ಗೊತ್ತು. ಸವೆದ ಇಂಜಿನ್ ಎಣ್ಣೆಯನ್ನೂ ಸುಟ್ಟು ನೀಲಿ ಹೊಗೆ ಬಿಡುತ್ತದೆ. ಬಟ್ಟೆಗೆ ಸವರಿದ ಎಣ್ಣೆ ಅತಿಯಾದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಅಂಟಿ ಅಳತೆಯನ್ನೇ ಕೆಡಿಸಬಹುದು.

ಪಂದ್ಯದ ಕಾರುಗಳ ಮಾತು ಬೇರೆ. ಅಲ್ಲಿ ಕ್ಯಾಮ್‌ಶಾಫ್ಟ್, ಸೈಲೆನ್ಸರ್, ಇಂಧನದ ಲೆಕ್ಕ ಎಲ್ಲವೂ ಬದಲಾಗಿರುತ್ತವೆ, ಆಗ ಗಾಳಿಯ ದಾರಿಯೂ ಬದಲಾಗಬೇಕು. ಊರಿನ ರಸ್ತೆಯ ಕಾರಿಗೆ ಅದರ ಒಂದೇ ತುಂಡನ್ನು ಅಂಟಿಸಿ ಫಲ ಬಯಸುವುದು ಹುಂಬತನ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆಯೆಂಬುದೂ ನೆನಪಿರಲಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಷ್ಟು ಏರುವಾಗ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಟರ್ಬೊ ಇಲ್ಲದ ಕಾರಿಗೆ ಈ ನಷ್ಟವನ್ನು ತುಂಬಿಕೊಡಬಲ್ಲ ಫಿಲ್ಟರ್ ಯಾವ ಅಂಗಡಿಯಲ್ಲೂ ಇಲ್ಲ, ಏಕೆಂದರೆ ಹೊರಗಿರುವುದಕ್ಕಿಂತ ಹೆಚ್ಚಿನ ಒತ್ತಡವನ್ನು ಯಾವ ಫಿಲ್ಟರೂ ಸೃಷ್ಟಿಸಲಾರದು.

ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬಹುದು. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ತೋರಿಸುವ ಸಣ್ಣ ಸಾಧನ ಅಗ್ಗದಲ್ಲೇ ದೊರೆಯುತ್ತದೆ. ಒತ್ತಡದ ಸೆನ್ಸರ್ ಇರುವ ಪೆಟ್ರೋಲ್ ಕಾರಿನಲ್ಲಿ, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಕಾಣುವುದು ಆ ಊರಿನ ಗಾಳಿಯ ಒತ್ತಡ. ಖಾಲಿ ಏರುರಸ್ತೆಯಲ್ಲಿ ಒಬ್ಬರು ಪೆಡಲನ್ನು ಪೂರ್ತಿ ಒತ್ತಿದಾಗ ಪಕ್ಕದಲ್ಲಿ ಕುಳಿತವರು ಅಂಕಿಯನ್ನು ಬರೆದುಕೊಳ್ಳಲಿ. ಎರಡರ ನಡುವಿನ ವ್ಯತ್ಯಾಸವೇ ಫಿಲ್ಟರ್, ಕೊಳವೆ, ಕವಾಟ ಎಲ್ಲವೂ ಸೇರಿ ತಡೆದದ್ದು; ಸಾವಿರಾರು ರೂಪಾಯಿಯ ಶಂಕು ಅದರಲ್ಲೊಂದು ಚೂರನ್ನಷ್ಟೇ ಉಳಿಸಬಲ್ಲದು.