ಗುಣಕ್ಕೆ ಚೌಕಾಸಿ, ಹೆಸರಿಗೆ ಸಲಾಮು

ಪ್ರೀಮಿಯಂ, ಲಕ್ಷುರಿ ಎಂಬ ಎರಡು ಪದಗಳನ್ನು ಜಾಹೀರಾತಿನವರು ಬೇಕೆಂದೇ ಕಲಸುಮೇಲೋಗರ ಮಾಡಿದ್ದಾರೆ. ವ್ಯತ್ಯಾಸ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದರೆ ಸಾಕು.

ಅಲ್ಲಿ ಡಬ್ಬಿ ತಳಿಗೆ ಮಿಗಿಲಾದ ಬೆಲೆ. ಏಕೆಂದರೆ ಬಣ್ಣ ಗಾಢ, ಖಾರ ಕಡಿಮೆ. ಹೆಚ್ಚಿಗೆ ಕೊಟ್ಟ ಹಣ ಸಾರಿನಲ್ಲೇ ಕಾಣುತ್ತದೆ. ಇದು ಪ್ರೀಮಿಯಂ. ಇಲ್ಲಿ ಬೆಲೆ ಗುಣಕ್ಕೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಜಿಐ ಮಾನ್ಯತೆಯೂ ಗುಣಕ್ಕೇ.

ಇದೇ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸತ್ವ ಲಿಪ್‌ಸ್ಟಿಕ್ಕಿಗೂ ನೇಲ್ ಪಾಲಿಶ್‌ಗೂ ಹೋಗುತ್ತದೆ. ಹೊಳೆಯುವ ಕರಡಿಗೆಯ ಮೇಲೆ ದೊಡ್ಡ ಹೆಸರೊಂದು ಬಿದ್ದ ಮೇಲೆ ನಾವು ಹಣ ಕೊಡುವುದು ಬಣ್ಣಕ್ಕಲ್ಲ, ನೋಡುವವರ ಕಣ್ಣಿಗೆ. ಇದು ಲಕ್ಷುರಿ. ಕನ್ನಡದಲ್ಲಿ ಇದಕ್ಕೆ ‘ಐಷಾರಾಮಿ’ ಎನ್ನುತ್ತೇವೆ. ಉರ್ದುವಿನ ಐಶ್ ಮತ್ತು ಆರಾಮ್ ಎರಡೂ ಆ ಪದದಲ್ಲಿವೆ. ಆದರೆ ಸಾಲ ಮಾಡಿ ಕೊಂಡವನಿಗೆ ಆರಾಮ್ ಎಲ್ಲಿ? ಇದಕ್ಕೆ ‘ದಿಖಾವಾ’ ಎಂದರೇ ಸರಿ.

ಉಳ್ಳವರು ಕೊಳ್ಳಲಿ, ಬಿಡಿ. ನಮ್ಮ ತಕರಾರು ನಮ್ಮೊಂದಿಗೇ. ಹಾವೇರಿ, ರಾಣೇಬೆನ್ನೂರಿನ ಮದುವೆಗಳಿಗೆ ಸಾಲ ತಂದು ಹೆಸರು ಕೊಳ್ಳುವ ನಾವು, ಸಂತೆಯಲ್ಲಿ ಡಬ್ಬಿ ಕಾಯಿಗೆ ಹತ್ತು ರೂಪಾಯಿ ಇಳಿಸೆಂದು ಜಗ್ಗಾಡುತ್ತೇವೆ. ಶೋರೂಮಿನಲ್ಲಿ ತುಟಿಪಿಟಕ್ಕೆನ್ನುವುದಿಲ್ಲ.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿಯ ಎಪಿಎಂಸಿಯಲ್ಲಿ ರೈತರ ಸಿಟ್ಟು ಸ್ಫೋಟಿಸಿತು, ವಾಹನಗಳು ಉರಿದವು. ಬೆಂಕಿ ಹಚ್ಚಿದ್ದು ತಪ್ಪು. ಆದರೆ ಗುಣದ ಬೆಲೆ ಹೀಗೆ ನೆಲ ಕಚ್ಚುವಾಗ, ಹೆಸರಿನ ಬೆಲೆ ಇಳಿದದ್ದನ್ನು ಯಾರಾದರೂ ಕಂಡಿದ್ದೀರಾ?

ಗುಣಕ್ಕೆ ಚೌಕಾಸಿ, ಹೆಸರಿಗೆ ಸಲಾಮು. ಈ ಲೆಕ್ಕ ತಿರುಗುವವರೆಗೆ ನಮ್ಮ ಸಾಲವೂ ತೀರದು, ರೈತನದೂ ತೀರದು.